ಬಾಯಿ ಮುಚ್ಚಿಕೊಂಡು ಓದು

ಬೆಳಗ್ಗೆ ಎದ್ದಾಗಿನಿಂದ ತಲೆ ತಿನ್ನುತ್ತಿರುವುದು ಒಂದು ಉಪದೇಶ. ಎಂ.ಡಿ. ವೈವಾಕ್ಕೆ ಎಂಟೇ ದಿನ ಉಳಿದವರಿಗೂ ನಮ್ಮ ಬೋವಿಕಾನದ ಕಡೆ ಹಿರಿಯರು ಹೇಳುವುದು ಅದನ್ನೇ: ‘ಬಾಯಿ ಮುಚ್ಚಿಕೊಂಡು ಓದು.’ ಬಾಯಿಯದ್ದೇ ಪರೀಕ್ಷೆ, ಅದಕ್ಕೆ ಬಾಯಿಗೇ ಬೀಗ! ಸದ್ದಾಗದಂತೆ ಚೆಂಡೆ ಕಲಿ ಎಂದ ಹಾಗಾಯಿತು. ಹೊತ್ತಿಗೆ ಉಣ್ಣಬೇಕು, ನಿದ್ದೆಗೆಡಬಾರದು ಎಂಬುದೆಲ್ಲ ಎಲ್ಲರಿಗೂ ಗೊತ್ತಿದ್ದದ್ದು, ಬಿಡಿ. ದಿನ ಕಡಿಮೆಯಾದಷ್ಟೂ ಓದು ಕಡಿಮೆಯಾಗಬೇಕು, ಮಾತು ಹೆಚ್ಚಬೇಕು ಎಂಬುದು ನನ್ನ ವಾದ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಒಂದೇ ಪಾಠವನ್ನು ಕೆಲವು ವಿದ್ಯಾರ್ಥಿಗಳಿಂದ ಮತ್ತೆ ಓದಿಸಿದರು. ಇನ್ನು ಕೆಲವರಿಂದ ಪಾಠ ನೋಡಗೊಡದೆ ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ಮೇಲೆ ಕೇಳಿದರೆ ಓದಿದವರೇ ಮುಂದು. ವಾರ ಕಳೆದು ಕೇಳಿದರೆ ನೆನಪು ಕೆದಕಿದವರು ಮುಂದು. ಅಂದಮೇಲೆ ಪರೀಕ್ಷೆ ಇನ್ನು ಐದೇ ನಿಮಿಷಕ್ಕಿದ್ದರೆ ಹ್ಯಾರಿಸನ್ನನ ದಪ್ಪ ವೈದ್ಯಪಠ್ಯ ತಿರುವಿಹಾಕಿ; ಎಂಟು ದಿನವಿದ್ದರೆ ಮುಚ್ಚಿಡಿ. ಆ ವಿದ್ಯಾರ್ಥಿಗಳು ಬರೆದರೇ ಹೊರತು ಮಾತಾಡಲಿಲ್ಲವಲ್ಲ ಎಂಬ ತಕರಾರು ನ್ಯಾಯವಾದದ್ದೇ. ಅದಕ್ಕೆ ಉತ್ತರ ಅಮೆರಿಕದಲ್ಲಿಲ್ಲ, ನಮ್ಮ ತಾಳಮದ್ದಳೆಯಲ್ಲಿದೆ.

ಯಕ್ಷಗಾನದ ಪ್ರಸಂಗವನ್ನೇ ಕೂತು ಮಾತಾಡುವ ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹಾಡುವ ಭಾಗವತರು ಪದ್ಯ ನಿಲ್ಲಿಸಿದರೆ ಪಾತ್ರವಾಗಿ ಮಾತಾಡುವ ಅರ್ಥಧಾರಿ ಬಾಯಿ ತೆರೆಯಲೇಬೇಕು. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನಲ್ಲ, ಅದಕ್ಕಿಂತ ಬಿಗಿಯಾದ ಟೇಬಲ್ ವೈವಾ ಎಲ್ಲಿದೆ? ಅದರಲ್ಲೂ ವಾಲಿಯಾಗಿ ಎದುರು ಕೂತವರು ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯಾಗಿದ್ದರೆ! ಪ್ರಸಂಗ ಸಭೆಯಲ್ಲಿದ್ದವರಿಗೆಲ್ಲ ಗೊತ್ತು, ರಾಮನಿಗೂ ಗೊತ್ತು. ಎದುರಿನವರು ಅಡ್ಡ ಹಾಕಿದಾಗ ಗೊತ್ತಿದ್ದದ್ದು ನಾಲಿಗೆಗೆ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಪೀಜಿ ಹುಡುಗ ಮುಗ್ಗರಿಸುವುದೂ ಅಲ್ಲೇ. ಮದ್ದಿನ ಹೆಸರು ಬಾಯಿಪಾಠ ಬರುತ್ತದೆ. ‘ಇದೇ ಯಾಕೆ, ಅದು ಯಾಕಲ್ಲ?’ ಎಂದು ಹೊರಗಿನಿಂದ ಬಂದ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್, ಕೇಳಿದೊಡನೆ ಗಂಟಲು ಒಣಗುತ್ತದೆ.

ಹಾಗಾದರೆ ಮಾತಿನಮಲ್ಲರು ಪಾಸು, ತಿಳಿದೂ ತೊದಲುವವರು ಫೇಲೋ ಎಂದು ಕೇಳಬಹುದು. ಅನುಮಾನ ಸುಳ್ಳಲ್ಲ. ಆದರೆ ರೋಗಿಯನ್ನೇ ವಿಚಾರಿಸಿ, ಪರೀಕ್ಷಿಸಿ ಒಪ್ಪಿಸಬೇಕಾದ ಲಾಂಗ್ ಕೇಸಿನ ಮಂಚದ ಪಕ್ಕ ಬರೀ ವಾಗ್ಮಿತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ರೋಗಿ ‘ತಲೆ ತಿರುಗ್ತದೆ’ ಅನ್ನುತ್ತಾರೆ. ಸುತ್ತಲಿನದೆಲ್ಲ ಗಿರಗಿರ ಸುತ್ತುತ್ತದೆಯೋ, ಏಳುವಾಗ ಕಣ್ಣು ಕತ್ತಲೆ ಕಟ್ಟುತ್ತದೆಯೋ, ನಡೆಯುವಾಗ ಹೆಜ್ಜೆ ತಪ್ಪುತ್ತದೆಯೋ? ಮೊದಲನೆಯದಕ್ಕೆ ಕಿವಿಯೊಳಗೆ ಹುಡುಕಬೇಕಾದೀತು, ಎರಡನೆಯದಕ್ಕೆ ರಕ್ತದೊತ್ತಡ ನೋಡಬೇಕು, ಮೂರನೆಯದು ನರಗಳ ಕಡೆಗೂ ಕೈ ತೋರಿಸಬಹುದು. ಅದನ್ನು ಕನ್ನಡ, ಮಲಯಾಳ, ತುಳು ಬೆರೆತ ಮಾತಿನಿಂದ ಬಿಡಿಸಿಕೊಂಡು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ನಮ್ಮ ಚೆರ್ಕಳ–ಜಾಲ್ಸೂರು ರಸ್ತೆಯ ಬಸ್ಸಿನಲ್ಲಿ ಕಂಡಕ್ಟರು ಈ ಕೆಲಸವನ್ನು ಅಂಕವಿಲ್ಲದೆ ಮಾಡುತ್ತಾರೆ, ಇರಲಿ. ಎಂಟು ದಿನದಲ್ಲಿ ಈ ಬಿಡಿಸುವಿಕೆಯನ್ನು ಗಟ್ಟಿಯಾಗಿ ಹೇಳಿ ಪಳಗಿಸಿಕೊಳ್ಳಬಹುದು, ಮುಂದೆ ಒಬ್ಬ ಜಗಳಗಂಟ ಗೆಳೆಯ ಕೂತಿದ್ದರೆ ಇನ್ನೂ ಒಳ್ಳೆಯದು. ಕಣ್ಣಾಡಿಸಿ ಪಳಗುವ ವಿದ್ಯೆ ಇದಲ್ಲ.

ಪರೀಕ್ಷಕರ ಮರ್ಜಿಗೆ ಕಡಿವಾಣ ಹಾಕಲೆಂದು ಡಂಡಿಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಓಸ್ಕಿ ಎಂಬ ಪದ್ಧತಿಯನ್ನು ಮುಂದಿಟ್ಟರು. ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಹೊತ್ತು. ಗಂಟೆ ಬಾರಿಸಿದರೆ ಮುಂದಿನ ಮೇಜಿಗೆ. ನ್ಯಾಯವೇನೋ ಹೌದು. ಆದರೆ ಗಂಟೆಗೆ ತಾಳಜ್ಞಾನವಿಲ್ಲ. ವಾದ ಹದಕ್ಕೆ ಬಂದಾಗ ಸುಮ್ಮನಿದ್ದು, ಎಳೆದಾಡತೊಡಗಿದಾಗ ಮುಂದಿನ ಪದ್ಯ ಎತ್ತಿ ಸೋಲುತ್ತಿರುವವರ ಮಾನ ಕಾಯುವ ಭಾಗವತರು ಅಲ್ಲಿಲ್ಲ. ಹಳೇ ವೈವಾದಲ್ಲಿ ಆ ಕೆಲಸಕ್ಕೆ ಒದಗುವುದು ಎಕ್ಸ್‌ಟರ್ನಲ್‌ಗೆ ಬರುವ ಚಹಾ ಒಂದೇ. ಅದು ಯಾವ ಪ್ರಶ್ನೆಯ ನಡುವೆ ಒಳಗೆ ಬರಬೇಕೆಂಬುದು ತಟ್ಟೆ ಹಿಡಿದವನ ಕೈಯಲ್ಲಿದೆ. ಆ ಮನುಷ್ಯನಿಗೆ ಕಾಲಪ್ರಮಾಣ ಹೇಳಿಕೊಟ್ಟವರು ಯಾರೋ.