ಹೊಟ್ಟೂ ಹೊಟ್ಟೆಯೂ

ನಮ್ಮ ಕಡೆ ಮನೆಗೆ ಬಂದವರ ಯೋಗಕ್ಷೇಮವೆಲ್ಲ ಊಟದಿಂದಲೇ ಶುರು. 'ಹೇಗಿದ್ದೀರಿ' ಎನ್ನುವ ಮೊದಲು 'ಊಟ ಆಯ್ತಾ' ಎನ್ನುತ್ತೇವೆ. ಆಗಿದೆ ಎಂದರೆ ನಂಬುವುದಿಲ್ಲ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಒಂದು ಸೌಟು ಪಾಯಸ ಇಳಿಸುವ ವಿದ್ಯೆ ನಮ್ಮ ಅತ್ತೆಯವರಿಗೆ ಕರಗತ. ಪ್ರೀತಿ ಎಂದರೆ ತಿನ್ನಿಸುವುದು; ತಿನ್ನಿಸುವುದೆಂದರೆ ಅವರವರಿಗೆ ಇಷ್ಟವಾದದ್ದನ್ನು ತಿನ್ನಿಸುವುದು. ಶಿವಮೊಗ್ಗದ ನಮ್ಮ ಮನೆಯಲ್ಲಿ ಇದು ಬರೆಯದೇ ಇದ್ದ ಕಾಯಿದೆ.

ಇಂಥ ಮನೆಗೆ 2017ರ ಜೂನ್ ತಿಂಗಳ ಜಿಟಿಜಿಟಿ ಮಳೆಯ ಒಂದು ಸಂಜೆ, ತೂತು ಕೊರೆದ ಚಪ್ಪಲಿ ಡಬ್ಬಿಯಲ್ಲಿ ಕುಳಿತು ಒಂದು ಹಕ್ಕಿ ಬಂತು. ಮಗಳ ಗೆಳತಿಯೊಬ್ಬಳು ಹಾಸ್ಟೆಲ್ ಸೇರುವವಳಿದ್ದಳು, ಅಲ್ಲಿ ಹಕ್ಕಿಗೆ ಪ್ರವೇಶವಿರಲಿಲ್ಲ. "ಒಂದೇ ವಾರಕ್ಕೆ ಅಮ್ಮಾ" ಎಂದಳು ಮಗಳು. ಆ ವಾರ ಇನ್ನೂ ಮುಗಿದಿಲ್ಲ. ಮಗಳು ಓದಲೆಂದು ಬೆಂಗಳೂರಿಗೆ ಹೋದಳು, ಅಲ್ಲೇ ಕೆಲಸಕ್ಕೂ ಸೇರಿದಳು. ಹಕ್ಕಿ ಮಾತ್ರ ನಮ್ಮ ಊಟದ ಕೋಣೆಯ ಕಿಟಕಿಯ ಪಕ್ಕ ಖಾಯಂ ಆಯಿತು.

ಲವ್ ಬರ್ಡ್ ಎಂದರೆ ಅಂಗಡಿಗಳಲ್ಲಿ ಹಳದಿ, ನೀಲಿ ಬಣ್ಣದ, ಬೆನ್ನ ಮೇಲೆ ಅಲೆಅಲೆ ಗೆರೆಗಳಿರುವ ಪುಟ್ಟ ಹಕ್ಕಿಗಳೆಂದೇ ನಾನು ತಿಳಿದಿದ್ದೆ. ಅವು ಆಸ್ಟ್ರೇಲಿಯಾ ಮೂಲದ ಬಜರಿಗಾರ್‌ಗಳಂತೆ. ನಮ್ಮಲ್ಲಿ ಅವನ್ನೇ ಲವ್ ಬರ್ಡ್ ಎಂದು ಮಾರುತ್ತಾರೆ. ನಮ್ಮ ಮನೆಗೆ ಬಂದದ್ದು ನಿಜವಾದ ಲವ್ ಬರ್ಡ್. ಹಸಿರು ಮೈ, ನೀಲಿ ಸೊಂಟ, ಮುಖಕ್ಕೆ ಕುಂಕುಮದ ನೀರು ಎರಚಿದಂಥ ಕೆಂಪು. ಇದರ ಪೂರ್ವಿಕರು ಆಫ್ರಿಕಾದ ನಮೀಬಿಯಾ, ಅಂಗೋಲಾ ಕಡೆಯ ಒಣ ನಾಡಿನವರು. ನಮ್ಮ ತೋಟದ ಗಿಳಿಗಳನ್ನು ಸಾಕಲು 1972ರ ವನ್ಯಜೀವಿ ಕಾಯಿದೆ ಬಿಡುವುದಿಲ್ಲ. ಈ ಪರದೇಶಿ ನೆಂಟನಿಗೆ ಆ ತಡೆ ಇರಲಿಲ್ಲ. ಗಂಡೋ ಹೆಣ್ಣೋ ಎಂದು ನೋಡಿ ಹೇಳುವಂತಿಲ್ಲ, ಎರಡೂ ಒಂದೇ ರೂಪ. ಅದರ ಗತ್ತು, ಸಿಟ್ಟು, ಯಜಮಾನಿಕೆ ನೋಡಿ ಇದು ಗಂಡೇ ಎಂದು ನಮ್ಮವರು ತೀರ್ಮಾನಿಸಿ 'ಕಿಟ್ಟಪ್ಪ' ಎಂದು ಹೆಸರಿಟ್ಟರು.

ಕಿಟ್ಟಪ್ಪನಿಗೆ ತಿನ್ನಿಸುವ ಪೈಪೋಟಿ ಮರುದಿನವೇ ಆರಂಭವಾಯಿತು. ಅತ್ತೆಯವರು ತಮ್ಮ ಬೆಳಗಿನ ಕಾಫಿಗೆ ಅದ್ದಿದ ಬಿಸ್ಕತ್ತಿನ ತುಂಡನ್ನು ಸರಳಿನ ಒಳಗೆ ತೂರಿಸುತ್ತಿದ್ದರು. ಮಗಳು ಚಿಪ್ಸು. ನಾನು ಒಗ್ಗರಣೆ ಅವಲಕ್ಕಿ. ನಮ್ಮವರಂತೂ ಸೂರ್ಯಕಾಂತಿ ಬೀಜವನ್ನು ಕಿಲೋಗಟ್ಟಲೆ ತಂದು ಡಬ್ಬಿ ತುಂಬಿದರು. ಬಟ್ಟಲಲ್ಲಿ ನವಣೆಯೂ ಇರುತ್ತಿತ್ತು, ಸಾಮೆಯೂ ಇರುತ್ತಿತ್ತು. ಆದರೆ ಕಿಟ್ಟಪ್ಪ ಅವನ್ನು ಕೊಕ್ಕಿನಿಂದ ಆಚೀಚೆ ಎಸೆದು ಸೂರ್ಯಕಾಂತಿಯನ್ನಷ್ಟೇ ಹೆಕ್ಕುವುದು, ಪಟಕ್ಕನೆ ಸಿಪ್ಪೆ ಸುಲಿಯುವುದು, ತಿರುಳು ನುಂಗುವುದು. "ಅದಕ್ಕೇನು ಬೇಕೋ ಅದಕ್ಕೇ ಗೊತ್ತು" ಎಂದು ನಾವೆಲ್ಲ ಮೆಚ್ಚಿಕೊಂಡೆವು. ಉಪ್ಪಿಟ್ಟಿನಲ್ಲಿ ಗೋಡಂಬಿ ಹೆಕ್ಕಿ ತಿಂದು ಉಳಿದದ್ದನ್ನು ತಟ್ಟೆಯಂಚಿಗೆ ತಳ್ಳುವ ಮಗುವಿನ ಬೆನ್ನಿಗೆ ಗುದ್ದುವ ನಾನು, ಹಕ್ಕಿಯ ವಿಷಯದಲ್ಲಿ ಅದನ್ನೇ ಜಾಣತನ ಎಂದುಕೊಂಡೆ ನೋಡಿ!

ಎರಡು ವರ್ಷ ಹೀಗೇ ಕಳೆಯಿತು. 2019ರ ಬೇಸಿಗೆಯಲ್ಲಿ ಕಿಟ್ಟಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಪಂಜರದಡಿಗೆ ಹಾಸಿದ ಪತ್ರಿಕೆಯನ್ನು ಕತ್ತರಿ ಹಿಡಿದಂತೆ ಉದ್ದುದ್ದ ಸೀಳುವುದು, ಸೀಳಿದ್ದನ್ನು ಸೊಂಟದ ಗರಿಗಳಿಗೆ ಸಿಕ್ಕಿಸಿಕೊಳ್ಳುವುದು. ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತ ಹೆಂಗಸಿನ ಹಾಗೆ ಕಾಣುತ್ತಿತ್ತು. ಇದು ಹೆಣ್ಣು ಗೂಡಿಗೆ ಸಾಮಾನು ಸಾಗಿಸುವ ಕ್ರಮ ಎಂದು ನಮಗೇನು ಗೊತ್ತು? ಒಂದು ಬೆಳಿಗ್ಗೆ ನೋಡಿದರೆ ಹಕ್ಕಿ ಕೋಲಿನ ಮೇಲಿಲ್ಲ. ಪಂಜರದ ನೆಲದಲ್ಲಿ ಗರಿ ಉಬ್ಬಿಸಿ ಹತ್ತಿಯುಂಡೆಯಂತೆ ಕುಳಿತಿದೆ. ಕಣ್ಣು ಅರೆಮುಚ್ಚಿದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಕುಲುಕುತ್ತಿದೆ. ಸೂರ್ಯಕಾಂತಿ ಹಿಡಿದರೂ ತಿರುಗಿ ನೋಡಲಿಲ್ಲ.

ಟವೆಲಿನಲ್ಲಿ ಸುತ್ತಿಕೊಂಡು ಆಟೋ ಹಿಡಿದು ಪಶುವೈದ್ಯರಲ್ಲಿಗೆ ಓಡಿದೆ. ಅಲ್ಲಿ ನನ್ನ ಮುಂದೆ ಕರುವಿನಷ್ಟೆತ್ತರದ ಎರಡು ನಾಯಿಗಳು. ಅವುಗಳ ಯಜಮಾನರು ನನ್ನ ಟವೆಲನ್ನೂ ನನ್ನನ್ನೂ ಒಂದು ಥರಾ ನೋಡಿದರು. ವೈದ್ಯೆ ಚಿಕ್ಕ ವಯಸ್ಸಿನವರು. ಹೊಟ್ಟೆಯ ಕೆಳಗೆ ಬೆರಳ ತುದಿಯಿಂದ ಮುಟ್ಟಿ, "ಮೊಟ್ಟೆ ಸಿಕ್ಕಿಕೊಂಡಿದೆ ಮೇಡಂ" ಎಂದರು.

"ಮೊಟ್ಟೆಯೇ? ಇದು ಕಿಟ್ಟಪ್ಪ!"

"ಕಿಟ್ಟಮ್ಮ" ಎಂದು ತಿದ್ದಿದರು. ಗಂಡಿಲ್ಲದಿದ್ದರೂ ಹೆಣ್ಣುಹಕ್ಕಿ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ ಎಂದು ವಿವರಿಸುತ್ತಲೇ ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಕೇಳಿದರು: "ಏನು ತಿನ್ನಿಸ್ತಿದ್ದೀರಿ?"

ನಾನು ಹೆಮ್ಮೆಯಿಂದಲೇ ಪಟ್ಟಿ ಒಪ್ಪಿಸಿದೆ. ಒಂದೊಂದು ಹೆಸರಿಗೂ ಅವರ ಮುಖ ಸಣ್ಣದಾಗುತ್ತ ಹೋಯಿತು. ಸೂರ್ಯಕಾಂತಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಎಣ್ಣೆ; ಕ್ಯಾಲ್ಸಿಯಂ ಅತ್ಯಲ್ಪ, ಎ ಜೀವಸತ್ವ ಇಲ್ಲವೆನ್ನುವಷ್ಟು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಆಹಾರದಲ್ಲಿ ಸಿಗದಿದ್ದರೆ ಹಕ್ಕಿ ತನ್ನ ಮೂಳೆಯಿಂದ ತೆಗೆದುಕೊಡುತ್ತದೆ. ಅದೂ ಸಾಲದಾದರೆ ಮೊಟ್ಟೆಯನ್ನು ಹೊರದಬ್ಬುವ ಸ್ನಾಯುವಿಗೇ ಶಕ್ತಿ ಇರುವುದಿಲ್ಲ. "ಹೊಟ್ಟೆ ತುಂಬ ತಿಂದೇ ಸೊರಗಿದೆ ಮೇಡಂ ಇದು" ಎಂದರು ವೈದ್ಯೆ. ಆ ಮಾತು ನನಗೆ ಬಡಿದ ಹಾಗೆ ಯಾವ ಬೈಗುಳವೂ ಬಡಿದಿರಲಿಲ್ಲ. ನಮ್ಮ ಮನೆಯಲ್ಲಿ ಉಂಡು ಒಂದು ಜೀವ ಸೊರಗುವುದೆಂದರೇನು!

ಸಂಜೆಯ ಹೊತ್ತಿಗೆ ಮೊಟ್ಟೆ ಹೊರಬಂತು. ಬಿಳಿ ಕಡಲೆಗಿಂತ ದೊಡ್ಡದು, ಒತ್ತಿದರೆ ಬಾಗುವಂಥ ಮೆತ್ತನೆ ಚಿಪ್ಪು. ಅದನ್ನು ಅಂಗೈಯಲ್ಲಿಟ್ಟುಕೊಂಡು ನಾನು ಆಟೋದಲ್ಲೇ ಅತ್ತುಬಿಟ್ಟೆ.

ಅಲ್ಲಿಂದ ಶುರುವಾಯಿತು ಪಥ್ಯದ ಕಾಂಡ. ಹಕ್ಕಿಗೆ ಏನು ಒಳ್ಳೆಯದೆಂದು ವೈದ್ಯೆ ಬರೆದುಕೊಟ್ಟ ಚೀಟಿ ನೋಡಿ ನನಗೆ ನಗು ಬಂತು. ಅದರಲ್ಲಿ ಇದ್ದದ್ದೆಲ್ಲ ನಮ್ಮ ಸೋಮವಾರದ ಸಂತೆಯ ಸಾಮಾನೇ. ನುಗ್ಗೆಸೊಪ್ಪು, ಕೊತ್ತಂಬರಿ, ಮೆಂತ್ಯದ ಸೊಪ್ಪು, ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ, ಮೊಳಕೆ ಬಂದ ಹೆಸರುಕಾಳು, ಎಳೆ ಮುಸುಕಿನ ಜೋಳ. ಕಾಳೆಂದರೆ ನವಣೆ, ಸಾಮೆಯಂಥವು ಹೆಚ್ಚು. ಸೂರ್ಯಕಾಂತಿ ದಿನಕ್ಕೆ ನಾಲ್ಕೈದು, ಅದೂ ಬಹುಮಾನದ ಲೆಕ್ಕದಲ್ಲಿ. ಹಣ್ಣು ಒಂದೆರಡು ಚೂರು, ಸೇಬಾದರೆ ಬೀಜ ತೆಗೆದು. ಪಾಲಕ್ ಅಪರೂಪಕ್ಕೆ, ಅದು ಕ್ಯಾಲ್ಸಿಯಮ್ಮನ್ನು ಮೈಗೆ ಹತ್ತಗೊಡುವುದಿಲ್ಲ. ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಇನ್ನೊಂದು ಪಟ್ಟಿ: ಉಪ್ಪು, ಕರಿದದ್ದು, ಕಾಫಿ, ಚಾಕೊಲೇಟು, ಈರುಳ್ಳಿ ಬೇಡ. ಬೆಣ್ಣೆಹಣ್ಣಂತೂ ವಿಷವೇ. ಕೊಡಗಿನಿಂದ ನಾದಿನಿ ಪ್ರತಿವರ್ಷ ಬುಟ್ಟಿಗಟ್ಟಲೆ ಕಳಿಸುವ ಬೆಣ್ಣೆಹಣ್ಣು! ಅದನ್ನು ಹಕ್ಕಿಗೆ ತೋರಿಸದೇ ಇದ್ದದ್ದು ನಮ್ಮ ಪೂರ್ವಜನ್ಮದ ಪುಣ್ಯ. ಅಂಟದ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆಗೂ ಹಕ್ಕಿ ಸಾಯುತ್ತದಂತೆ. ಆ ಬಾಣಲೆ ಅಟ್ಟ ಸೇರಿ ಅಮ್ಮ ಕೊಟ್ಟ ಕಬ್ಬಿಣದ ಕಾವಲಿ ಕೆಳಗಿಳಿಯಿತು.

ಪಟ್ಟಿ ಸುಲಭ, ತಿನ್ನಿಸುವುದು ಕಷ್ಟ. ಒಮ್ಮೆಲೇ ಬದಲಾಯಿಸಬಾರದು, ಹೊಸತನ್ನು ಆಹಾರವೆಂದೇ ಗುರುತಿಸದೆ ಉಪವಾಸ ಬೀಳುತ್ತವೆ ಎಂದು ವೈದ್ಯೆ ಎಚ್ಚರಿಸಿದ್ದರು. ಸೂರ್ಯಕಾಂತಿಯನ್ನು ವಾರವಾರಕ್ಕೂ ಚೂರುಚೂರೇ ಇಳಿಸಿದೆ. ಬೆಳಿಗ್ಗೆ ಹಸಿದಿರುವಾಗ ಮೊದಲು ಸೊಪ್ಪು, ಎರಡು ತಾಸಿನ ಮೇಲೆ ಅದನ್ನು ತೆಗೆದು ಕಾಳು. ಹದಿನೈದು ದಿನ ಕಿಟ್ಟಮ್ಮ ನುಗ್ಗೆಸೊಪ್ಪನ್ನು ಪರಪುರುಷನನ್ನು ಕಂಡಂತೆ ಕಂಡಳು. ಆಮೇಲೆ ನಾನೊಂದು ಉಪಾಯ ಮಾಡಿದೆ. ಇವು ಗುಂಪಿನಲ್ಲಿ ಉಣ್ಣುವ ಹಕ್ಕಿಗಳು, ಜೊತೆಯವರು ತಿಂದರೆ ತಾವೂ ತಿನ್ನುತ್ತವೆ. ಪಂಜರದ ಮುಂದೆ ಮಣೆ ಹಾಕಿಕೊಂಡು, ಕೊತ್ತಂಬರಿಯ ಕಡ್ಡಿಯೊಂದನ್ನು ನಾನೇ 'ಆಹಾ' ಎನ್ನುತ್ತ ಜಗಿದೆ. "ಇವಳಿಗೆ ಎಂತದೋ ಆಗಿದೆ ಮಾರಾಯ" ಎಂದು ಅತ್ತೆ ಮಗನಿಗೆ ಹೇಳಿದ್ದು ನನಗೆ ಕೇಳಿಸಿತು. ಕೊನೆಗೆ ಕೆಲಸ ಮಾಡಿದ್ದು ನೀರು. ತೊಳೆದ ಸೊಪ್ಪಿನ ಕಟ್ಟನ್ನು ನೀರಿಳಿಯುತ್ತಿದ್ದಂತೆಯೇ ಬಟ್ಟೆ ಕ್ಲಿಪ್ಪಿನಲ್ಲಿ ಸರಳಿಗೆ ಸಿಕ್ಕಿಸಿದೆ. ಕಿಟ್ಟಮ್ಮ ಅದರಲ್ಲಿ ಮೈಯುಜ್ಜಿ ಸ್ನಾನ ಮಾಡಿದಳು, ಸ್ನಾನದ ನಡುವೆ ಒಂದು ಎಲೆ ಬಾಯಿಗೆ ಹೋಯಿತು. ಮರುದಿನ ಎರಡು. ಹಸಿಮೆಣಸಿನಕಾಯಿಯನ್ನಂತೂ ಬೀಜಸಮೇತ ಕಚಕಚ ತಿಂದಾಗ ನಾವೆಲ್ಲ ಬಾಯಿಬಿಟ್ಟೆವು. ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲವಂತೆ.

ಕ್ಯಾಲ್ಸಿಯಮ್ಮಿಗೆಂದು ಹೇಳಿದ್ದು ಬೊಂಡಾಸದ ಮೈಯೊಳಗಿನ ಬಿಳಿ ಚಿಪ್ಪು. ಹೊನ್ನಾವರದ ಅಕ್ಕ ದಡದಲ್ಲಿ ಹೆಕ್ಕಿ, ತೊಳೆದು, ಬಿಸಿಲಲ್ಲಿ ಒಣಗಿಸಿ ಕಳಿಸಿದಳು. "ಮೀನಿನದ್ದನ್ನು ಮನೆಯೊಳಗೆ ತರ್ತೀಯಾ?" ಎಂದು ಅತ್ತೆ ಎದ್ದುನಿಂತರು. ಹತ್ತಿರ ಬಂದು ನೋಡಿ, "ಅಯ್ಯೋ, ಇದು ಸಮುದ್ರ ನೊರೆ! ಕಿವಿಗೆ ಹಾಕ್ತಿದ್ದೆವು" ಎಂದರು. ಗ್ರಂಧಿಗೆ ಅಂಗಡಿಯಿಂದ ತರಿಸಿ ಬಳಸಿದ್ದು ಕಡಲ ನೊರೆಯಲ್ಲ, ಬೊಂಡಾಸದ್ದು ಎಂದು ತಿಳಿಸುವ ಧೈರ್ಯ ನನಗಾಗಲಿಲ್ಲ. ಬೆಳಗಿನ ಎಳೆಬಿಸಿಲಿಗೂ ಪಂಜರ ಹೊರಗಿಡತೊಡಗಿದೆ. ಗಾಜಿನ ಹಿಂದಿನ ಬಿಸಿಲು ಡಿ ಜೀವಸತ್ವದ ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಕ: 52 ಗ್ರಾಂ, ಒಂದು ನಿಂಬೆಹಣ್ಣಿನಷ್ಟು.

ಇನ್ನು ಗೆದ್ದೆ ಎಂದುಕೊಂಡಿರುವಾಗ, 2022ರ ಮೇ ತಿಂಗಳಲ್ಲಿ ತಂಗಿಯ ಮಗನ ಮದುವೆಗೆಂದು ಎರಡು ದಿನ ಹೋದೆ. ಉಸ್ತುವಾರಿ ನಮ್ಮವರದ್ದು. ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: "ಬಟ್ಟಲು ತುಂಬ ಇದೆ. ನೀನು ಆರಾಮಾಗಿ ಬಾ." ಬಂದು ನೋಡಿದರೆ ಹಕ್ಕಿ ಮತ್ತೆ ಹತ್ತಿಯುಂಡೆ. ಬಟ್ಟಲೇನೋ ಅಂಚಿನವರೆಗೆ ತುಂಬಿತ್ತು. ಬಾಗಿ ಒಮ್ಮೆ ಊದಿದೆ. ಹೊಟ್ಟೆಲ್ಲ ಹಾರಿ ನಮ್ಮವರ ಕನ್ನಡಕದ ಮೇಲೆ ಕೂತಿತು. ತಳದಲ್ಲಿ ಮೂರು ಕಾಳು ಇರಲಿಲ್ಲ. ಲವ್ ಬರ್ಡು ಕಾಳನ್ನು ಸುಲಿದು ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ. ಮೇಲಿನಿಂದ ನೋಡಿದವರಿಗೆ ತುಂಬಿದ ಬಟ್ಟಲು, ಒಳಗೆ ಹಸಿವು. ಇಷ್ಟು ಸಣ್ಣ ಮೈಗೆ ಇನ್ನೊಂದು ದಿನ ಹೀಗೇ ಕಳೆದಿದ್ದರೆ ಉಳಿಯುತ್ತಿರಲಿಲ್ಲ. ತಕ್ಕಡಿ 44 ತೋರಿಸಿತು. ನೆನೆಸಿದ ನವಣೆಯನ್ನು ಅಂಗೈಯಲ್ಲಿಟ್ಟು ತಿನ್ನಿಸುತ್ತ ರಾತ್ರಿ ಕಳೆದೆ. ನಮ್ಮವರು ಎದುರಿಗೆ ಕುಳಿತೇ ಇದ್ದರು. ಒಂದು ಮಾತಿಲ್ಲ. ನಾನೂ ಬಯ್ಯಲಿಲ್ಲ.

ಅಂದಿನಿಂದ ಬೆಳಿಗ್ಗೆ ಸಂಜೆ ಬಟ್ಟಲು ಊದುವ ಕೆಲಸ ಅವರದ್ದಾಯಿತು.

ಅದೇ ವರ್ಷ ಶ್ರಾವಣದಲ್ಲಿ ಮೆಟ್ಟಿಲು ಹತ್ತುವಾಗ ನನಗೆ ಕಣ್ಣು ಕತ್ತಲೆ ಬಂತು. ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ 8, ಡಿ ಜೀವಸತ್ವವೂ ತಳ ಹಿಡಿದಿದೆ, ಮೂಳೆಯ ಬಗ್ಗೆಯೂ ಗಮನ ಬೇಕು ಎಂದರು ಡಾಕ್ಟರು. "ಊಟ ಸರಿಯಾಗಿ ಮಾಡ್ತೀರಾ?" "ಮಾಡ್ತೀನಿ ಡಾಕ್ಟ್ರೇ." ನಾನು ಸುಳ್ಳು ಹೇಳಲಿಲ್ಲ. ದಿನಾ ಎರಡು ಗಂಟೆಗೆ ತಟ್ಟೆ ಮುಂದೆ ಕೂರುತ್ತಿದ್ದೆನಲ್ಲ. ಅದರಲ್ಲಿ ಏನಿರುತ್ತಿತ್ತು ಎಂದು ಅವರು ಕೇಳಲಿಲ್ಲ. ಸೊಪ್ಪಿನ ಪಲ್ಯ ಎಲ್ಲರಿಗೂ ಬಡಿಸುವಷ್ಟರಲ್ಲಿ ಮುಗಿದಿರುತ್ತಿತ್ತು. ಉಳಿದ ಅನ್ನ, ಸಾರಿನ ತಿಳಿ, ಉಪ್ಪಿನಕಾಯಿ, ಮಜ್ಜಿಗೆ, ಹೊಟ್ಟೆ ತುಂಬುತ್ತಿತ್ತು. ಹಕ್ಕಿಗೆ ಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ ಎಣಿಸಿದವಳು, ಅದರ ಪಂಜರವನ್ನು ಬಿಸಿಲಿಗಿಟ್ಟು ನಾನು ಒಳಗೆ ಬಂದು ಒಲೆ ಮುಂದೆ ನಿಲ್ಲುತ್ತಿದ್ದೆ.

ಇದನ್ನೆಲ್ಲ ಮನೆಯಲ್ಲಿ ಹೇಳಲಿಲ್ಲ, ಮಾತ್ರೆಯ ಚೀಟಿಯನ್ನಷ್ಟೇ ಫ್ರಿಜ್ಜಿನ ಮೇಲಿಟ್ಟೆ. ಮರುದಿನ ಮಧ್ಯಾಹ್ನ ನಮ್ಮವರು ಉಂಡು ಕೈ ತೊಳೆದವರು ಕೇಳಿದರು, "ನಿಂದು ಊಟ?"

"ಆಗ್ತದೆ. ಎಲ್ಲ ಇದೆ."

ಅವರು ಅಡಿಗೆಮನೆಗೆ ಹೋದರು. ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತುವ ಸದ್ದು ಕೇಳಿಸಿತು. ಎಷ್ಟು ವರ್ಷಗಳ ಸಂಸಾರದಲ್ಲಿ ಆ ಸದ್ದನ್ನು ನಾನು ಹೊರಗೆ ಕೂತು ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಹೊರಬಂದು ಬಾಗಿಲಲ್ಲಿ ನಿಂತರು.

"ಊದಿ ನೋಡಿದೆ" ಎಂದರು. "ಬರೀ ಹೊಟ್ಟು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಕಿಟ್ಟಮ್ಮ ಪತ್ರಿಕೆಯ ಸಂಪಾದಕೀಯವನ್ನು ಸೀಳಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಈಗ ನುಗ್ಗೆಸೊಪ್ಪು ತಂದ ದಿನ, ಅದನ್ನು ಬಿಡಿಸುವುದು ನಮ್ಮವರ ಕೆಲಸ. ಒಲೆಗೆ ಹಾಕುವ ಮೊದಲು ಒಂದು ಹಿಡಿ ಹಸಿಯಾಗಿಯೇ ಕಿಟ್ಟಮ್ಮನಿಗೆ ತೆಗೆದಿಡುತ್ತಾರೆ. ಪಲ್ಯವಾದ ಮೇಲೆ ಒಂದು ಚಿಕ್ಕ ಬಟ್ಟಲಿಗೆ ನನ್ನ ಪಾಲು ತೆಗೆದು ಮುಚ್ಚಿಡುತ್ತಾರೆ. ಉಪ್ಪು ಮಾತ್ರ ಯಾವಾಗಲೂ ಸ್ವಲ್ಪ ಜಾಸ್ತಿಯೇ. ಹಕ್ಕಿಗೆ ಬೇಡವೆಂದು ಬಿಟ್ಟದ್ದನ್ನೂ ಸೇರಿಸಿ ಹಾಕುತ್ತಾರೋ ಏನೋ.