ಮಣ್ಣಿಗೂ ರೊಕ್ಕ ಕೊಡಬೇಕೇನು?

ಅಮೀರ್‌ಪೇಟ್‌ನಲ್ಲಿ ದುಡ್ಡು ಬಿಚ್ಚಿದರೆ ಏನು ಬೇಕಾದರೂ ಸಿಗುತ್ತದೆ. ಜಾವಾ ಸಿಗುತ್ತದೆ, ಪೈಥಾನ್ ಸಿಗುತ್ತದೆ, ಮೂರು ತಿಂಗಳಲ್ಲಿ ಇಂಗ್ಲಿಷ್ ಕೂಡ ಸಿಗುತ್ತದೆ. ಸಿಗದೇ ಇರುವುದು ಒಂದೇ... ಮಣ್ಣು! ಮೈತ್ರಿವನಂನಿಂದ ನಮ್ಮ ಗಲ್ಲಿಯವರೆಗೆ ನಡೆದು ಬನ್ನಿ, ಕಾಲಿಗೆ ಹತ್ತುವುದು ಧೂಳು ಮಾತ್ರ. ಹಾಗಾಗಿ ಇಲ್ಲಿ ಮಣ್ಣೂ ಪ್ಯಾಕೆಟ್ಟಿನಲ್ಲೇ ಬರುತ್ತದೆ. ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ‘ಪೋಷಕಾಂಶಭರಿತ ಪಾಟಿಂಗ್ ಮಿಕ್ಸ್’ ಎಂಬ ದಪ್ಪ ಅಕ್ಷರ.

ನಮ್ಮಮ್ಮನಿಗೆ ಇದು ಒಪ್ಪಿಗೆಯಾಗದ ಸಂಗತಿ. ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ಕಡೆಯ ಹಳ್ಳಿ. ಅಪ್ಪ ಹೋದ ಮೇಲೆ, 2019ರಲ್ಲಿ, ಹೊಲ ಮಾರಿ ಅಮ್ಮನನ್ನು ಇಲ್ಲಿಗೆ ಕರೆತಂದೆವು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ಅಮ್ಮ ಹುಟ್ಟಿದ್ದು ಆಗಲೇ. ಹಾಗಾಗಿ ಊರೇನೂ ಅವಳಿಗೆ ಪರಕೀಯವಲ್ಲ. ಪರಕೀಯವೆನಿಸಿದ್ದು ಮೂರನೇ ಮಹಡಿ. ಜೀವಮಾನವಿಡೀ ಹೊಲದಲ್ಲಿ ಬಗ್ಗಿ ಎದ್ದವಳು ಟೈಲ್ಸ್ ನೋಡುತ್ತಾ ಕೂರಬೇಕು ಅಂದರೆ ಹೇಗೆ ಹೇಳಿ? ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ. ಡಾಕ್ಟರು ಮಾತ್ರೆ ಬರೆದುಕೊಟ್ಟು, “ಕೈಗೆ ಏನಾದರೂ ಕೆಲಸ ಕೊಡಿ” ಅಂದರು. ಕೆಲಸ ಅಂದರೆ ಅಮ್ಮನಿಗೆ ಗೊತ್ತಿರುವುದು ಒಂದೇ.

ಹೀಗೆ ನಮ್ಮ ಮನೆಗೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಪೀಸ್ ಲಿಲಿ, ಒಂದು ಅರೇಕಾ ಪಾಮ್ ಬಂದವು. ಜೊತೆಗೆ ಐದು ಕಿಲೋ ಪ್ಯಾಕೆಟ್ ಮಣ್ಣು. ಅಮ್ಮ ಅದನ್ನು ಹಿಡಿಯಲ್ಲಿ ಹಿಚುಕಿ, ಮೂಸಿ ನೋಡಿ, “ಮಣ್ಣಿನ ವಾಸನಿನೇ ಇಲ್ಲಲ್ಲೋ. ಇದಕ್ಕೂ ರೊಕ್ಕ ಕೊಟ್ಟಿಯೇನು?” ಅಂದಳು.

ಅವಳು ಹೇಳಿದ್ದು ನಿಜವೇ. ಆ ಚೀಲದಲ್ಲಿ ಮಣ್ಣು ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿನ ಭಾಗ ಕೋಕೋಪೀಟ್, ಅಂದರೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ಜೊತೆಗೆ ಎರೆಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ, ಹಗುರಾಗಲಿ ಅಂತ ಬಿಳಿ ಪರ್ಲೈಟ್. ಕೋಕೋಪೀಟ್ ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಆದರೆ ಅದರಲ್ಲಿ ಗಿಡಕ್ಕೆ ಊಟವೆಂಬುದು ಇಲ್ಲವೇ ಇಲ್ಲವೆನ್ನಬಹುದು. ಅದಕ್ಕೇ ‘ಪೋಷಕಾಂಶಭರಿತ’ ಮಾಡುವುದು.

ಅಮ್ಮನ ಬಳಿ ಇನ್ನೊಂದು ಉಪಾಯವಿತ್ತು. ಹೊಲದ ರಿಜಿಸ್ಟ್ರೇಷನ್ ಆಗುವ ಮುಂಚಿನ ದಿನ ಅಲ್ಲಿಂದ ಒಂದು ಗೋಣಿಚೀಲ ಎರೆಮಣ್ಣು ತುಂಬಿಸಿಕೊಂಡು ಬಂದಿದ್ದಳು. ಕುಂಡಗಳಿಗೆಲ್ಲ ಅದನ್ನೇ ಹಾಕೋಣ ಅಂದಳು. ನನಗೆ ಹೆದರಿಕೆಯಾದದ್ದು ಇಲ್ಲೇ. ಆ ಮಣ್ಣಿನಲ್ಲಿ ನೆಟ್ಟ ಗಿಡ ಸತ್ತರೆ ಸಾಯುವುದು ಗಿಡ ಮಾತ್ರ ಅಲ್ಲವಲ್ಲ...

ಎರೆಮಣ್ಣು ಹೊಲದಲ್ಲಿ ಚಿನ್ನ. ಮಳೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳ ಬೆಳೆಯುವುದೇ ಅದು ಆಳದಲ್ಲಿ ಕೂಡಿಟ್ಟ ತೇವದ ಮೇಲೆ. ಆದರೆ ಆಟ ನಡೆಯುವುದು ಆಳ ಇದ್ದಾಗ. ಎಂಟು ಇಂಚಿನ ಕುಂಡದಲ್ಲಿ ಆಳ ಎಲ್ಲಿಂದ ಬರಬೇಕು? ನೀರು ಕೆಳಗೆ ಜಗ್ಗದೆ ತಳದಲ್ಲೇ ನಿಲ್ಲುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಒಣಗಿದರೆ ಮಣ್ಣಿನ ಮುದ್ದೆ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಹಾಕಿದ ನೀರು ಬದಿಯಿಂದ ಹರಿದು ಹೋಗಿ, ನಡುವೆ ಒಣಗಿದ್ದು ಒಣಗಿಯೇ ಇರುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರಲ್ಲ, ಅದೂ ಆಗುವುದಿಲ್ಲ. ಜಲ್ಲಿಯ ಮೇಲೆ ನೀರು ನಿಲ್ಲುತ್ತದೆ, ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ.

ಹಾಗಂತ ಮಣ್ಣೇ ಬೇಡವೇ? ಹಾಗೇನಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆಯವರು ಕುಂಡಕ್ಕೆಂದೇ ಒಂದು ಪಾಕ ಗೊತ್ತುಮಾಡಿದರು. 7 ಪಾಲು ತೋಟದ ಮಣ್ಣು, 3 ಪಾಲು ಪೀಟ್, 2 ಪಾಲು ದಪ್ಪ ಮರಳು. ಅದಕ್ಕೆ ಸೇರಿಸುವ ಗೊಬ್ಬರ ಎಳೆ ಗಿಡಕ್ಕೆ ಒಂದು ಅಳತೆ, ಬೆಳೆಯುವ ಗಿಡಕ್ಕೆ ಎರಡು, ದೊಡ್ಡದಕ್ಕೆ ಮೂರು. ನಂಬರ್ 1, 2, 3 ಅಂತಲೇ ಹೆಸರು. ಥೇಟ್ ನಮ್ಮ ಸಾಲದ ಸ್ಲ್ಯಾಬ್ ಇದ್ದ ಹಾಗೆ!

ಸಾಲ ಅಂದೆನಲ್ಲ, ಬ್ಯಾಂಕಿನವನ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ. ಗಿಡಕ್ಕೆ ಬೆಳಕೇ ಸಂಬಳ, ಗೊಬ್ಬರ ಸಾಲ. ಸಂಬಳ ನೋಡದೆ ಸಾಲ ಕೊಟ್ಟರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಕಿಟಕಿ ತೆಗೆದರೆ ಕಾಣುವುದು ಪಕ್ಕದ ಹಾಸ್ಟೆಲಿನ ಗೋಡೆ, ಒಣಗಲು ಹಾಕಿದ ಅಂಗಿಗಳು. ಆ ಬೆಳಕಿನಲ್ಲಿ ಗಿಡ ನಿಧಾನ ಬೆಳೆಯುತ್ತದೆ, ನಿಧಾನ ಉಣ್ಣುತ್ತದೆ. ಉಣ್ಣದೆ ಉಳಿದದ್ದು ಲವಣವಾಗಿ ಕೂರುತ್ತದೆ, ಎಲೆಯ ತುದಿ ಸುಡುತ್ತದೆ. ಬೋರ್ ನೀರಾದರೆ ಅದರ ಲವಣವೂ ಸೇರಿ ಕುಂಡದಂಚಿಗೆ ಬಿಳಿ ಪಟ್ಟೆ. ಆದ್ದರಿಂದ ಮನೆಯೊಳಗಿನ ಗಿಡಕ್ಕೆ ‘ಹೆಚ್ಚು ಶಕ್ತಿ’ ಅನ್ನುವ ಚೀಲಕ್ಕಿಂತ ಸಾಧಾರಣ ಚೀಲವೇ ಮೇಲು.

ಕೊಳ್ಳುವಾಗ ನಾನು ನೋಡುವುದು ಇಷ್ಟು. ಏನೇನು ಎಷ್ಟೆಷ್ಟು ಅಂತ ಬರೆದಿರಬೇಕು. ಒದ್ದೆ ಚೀಲವನ್ನು ತೂಕಕ್ಕೆ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ, ಲೀಟರ್ ಲೆಕ್ಕ ಬರೆದಿದ್ದರೆ ಒಳ್ಳೆಯದು. ಕೋಕೋಪೀಟ್ ತೊಳೆದದ್ದಾಗಿರಬೇಕು, ಇಲ್ಲದಿದ್ದರೆ ಉಪ್ಪು. ಎರೆಗೊಬ್ಬರವನ್ನು ಬೇರೆಯಾಗಿ ಕೊಂಡರೆ ಚೀಲದ ಮೇಲೆ ಸಾರಜನಕದ ಪ್ರಮಾಣ ನೋಡಿ, ಸರ್ಕಾರದ ನಿಯಮದಂತೆ ಕನಿಷ್ಠ ಶೇಕಡಾ 1 ಇರಬೇಕು. ಕೆಟ್ಟ ವಾಸನೆ ಬಂದರೆ ಅದು ಇನ್ನೂ ಕಳಿತಿಲ್ಲ, ವಾಪಸ್ ಕೊಡಿ. ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆಗಳಿದ್ದರೆ ಅವು ಬಿಸಿ ಹೆಚ್ಚಿದಷ್ಟೂ ಬೇಗ ಬಿಡುಗಡೆಯಾಗುತ್ತವೆ, ನಮ್ಮ ಮೇ ತಿಂಗಳು ನೆನಪಿರಲಿ.

ಇನ್ನೊಂದು ಮಾತು. ಇಲ್ಲಿನ ನರ್ಸರಿಗಳಿಗೆ ಬಹಳಷ್ಟು ಗಿಡ ಬರುವುದು ಗೋದಾವರಿ ದಂಡೆಯ ಕಡಿಯಂನಿಂದ, ಬೇರಿಗೆ ಜಿಗುಟು ಮಣ್ಣಿನ ಉಂಡೆ ಅಂಟಿಕೊಂಡೇ. ಅದನ್ನು ಹಾಗೇ ಹಗುರ ಮಿಶ್ರಣದಲ್ಲಿಟ್ಟರೆ ಸುತ್ತ ಒದ್ದೆ, ಉಂಡೆಯೊಳಗೆ ಒಣ, ಅಥವಾ ಅದರ ಉಲ್ಟಾ. ಉಂಡೆಯನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ ನೆಡಬೇಕು. ಆ ಕೆಲಸ ಅಮ್ಮನದು. ಬೇರು ಹರಿಯದಂತೆ ಬಿಡಿಸುವ ಆ ಬೆರಳುಗಳನ್ನು ನೋಡಬೇಕು ನೀವು!

ಅಮ್ಮನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಒಂದು ಷರತ್ತು ಮಾತ್ರ ಹಾಕಿದ್ದೇನೆ. ಆಸ್ಟ್ರೇಲಿಯಾದಲ್ಲಿ ಪಾಟಿಂಗ್ ಮಿಕ್ಸ್ ಚೀಲದ ಮೇಲೆ ಎಚ್ಚರಿಕೆಯೇ ಅಚ್ಚಾಗಿರುತ್ತದೆ, ಅದರ ಧೂಳಿನಲ್ಲಿರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬರಬಹುದು ಅಂತ. ಆದ್ದರಿಂದ ಚೀಲ ಬಿಚ್ಚುವುದು ಬಾಲ್ಕನಿಯಲ್ಲಿ, ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್, ಕೈಗೆ ಗವಸು. ಮಾಸ್ಕ್ ಒಪ್ಪಿದಳು. ಗವಸಿಗೆ ಮೂರು ದಿನ ಜಗಳವಾಯಿತು. “ಮಣ್ಣು ಮುಟ್ಟಾಕ ಕೈಚೀಲ ಯಾಕೋ?” ಕೊನೆಗೆ ಒಪ್ಪಿದಳು, ಮೊಮ್ಮಗಳು ಹೇಳಿದ್ದಕ್ಕೆ.

ಈಗ ನಮ್ಮ ಮನೆಯ ಪಾಕ ಹೀಗಿದೆ. 4 ಪಾಲು ಕೋಕೋಪೀಟ್, 3 ಪಾಲು ಕೆಂಪು ಮಣ್ಣು, 2 ಪಾಲು ದಪ್ಪ ಮರಳು, 2 ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಸ್ನೇಕ್ ಪ್ಲಾಂಟಿಗೆ ಮರಳು ಜಾಸ್ತಿ, ಗೊಬ್ಬರ ಅರ್ಧ. ಮೇಲಿನ ಒಂದು ಇಂಚು ಒಣಗಿದ ಮೇಲೆಯೇ ನೀರು. ಆಗ ಸಣ್ಣ ನೊಣಗಳ ಕಾಟವೂ ಕಡಿಮೆ.

ಎಲ್ಲ ಕಲಸಿದ ಮೇಲೆ ಅಮ್ಮ ಗೋಣಿಚೀಲದಿಂದ ಒಂದೊಂದು ಕುಂಡಕ್ಕೂ ಒಂದು ಹಿಡಿ ಎರೆಮಣ್ಣು ಪುಡಿಮಾಡಿ ಸೇರಿಸುತ್ತಾಳೆ. ನಾನು ಬೇಡ ಅನ್ನುವುದಿಲ್ಲ. ಅನ್ನಬೇಕಾಗಿಯೂ ಇಲ್ಲ. ಕೋಕೋಪೀಟ್ ಹಿಡಿದಿಡಲಾಗದ ಸತ್ವವನ್ನು ಆ ಜಿಗುಟು ಮಣ್ಣಿನ ಕಣ ಹಿಡಿದಿಡುತ್ತದೆ. ಹಿಡಿಯಷ್ಟಾದರೆ ನೀರೂ ನಿಲ್ಲುವುದಿಲ್ಲ. ಹೊಲ ಬೇರೆಯವರ ಹೆಸರಿಗೆ ಹೋಗಿದೆ. ಚೀಲದಲ್ಲಿ ಇನ್ನೂ ಅರ್ಧ ಉಳಿದಿದೆ. ಅಮ್ಮ ಈಗ ಎರಡು ರೊಟ್ಟಿ ತಿನ್ನುತ್ತಾಳೆ.