ದೇವರಗುಡ್ಡದ ಬೇವಿನ ನೆರಳಲ್ಲಿ

ದಸರೆಯ ಕಾರಣಿಕ ಕೇಳಬೇಕೆಂದು ನಾವು ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಿದ್ದೆವು. ಮಾಲತೇಶಸ್ವಾಮಿಯ ದರ್ಶನ ಮುಗಿಸಿ ಹೊರಬಂದರೆ ಎತ್ತ ನೋಡಿದರೂ ಭಂಡಾರದ ಹಳದಿ. ಕರಿಯ ಕಂಬಳಿ ತೊಟ್ಟ ಗೊರವರ ಡಮರುಗದ ನಾದ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಮಾತಿನಲ್ಲಿ ಮಳೆ-ಬೆಳೆಗಳ ಭವಿಷ್ಯವನ್ನು ಅರಸಲು ಸಾವಿರಾರು ರೈತರು ಕಾದಿದ್ದರು. ಅದಕ್ಕಿನ್ನೂ ಹೊತ್ತಿತ್ತು.

ಬೇವಿನ ನೆರಳಿಗೆ ಸರಿದೆವು. ಅಲ್ಲಿ ನಾಲ್ವರು ಹಿರಿಯರು ಕಂಬಳಿ ಹಾಸಿ ಇಸ್ಪೀಟು ಆಡುತ್ತಿದ್ದರು. ಮಠದ ಪ್ರಸಾದನಿಲಯದಲ್ಲಿ ಬೆಳೆದ ನಮಗೆ ಎಲೆಯೆಂದರೆ ಜೂಜು, ಜೂಜೆಂದರೆ ಮನೆ ಹಾಳು. ಒಮ್ಮೆ ನಮ್ಮ ಅಣ್ಣನವರ ಕೈಯಿಂದ ಎಲೆಗಳನ್ನು ಕಸಿದು ಒಲೆಗೆ ಹಾಕಿದವರು ನಾವು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಅಂದಿನಿಂದ ಕೊನೆಯವರೆಗೂ ಸಂಜೆಯ ಹೊತ್ತು ನಮ್ಮ ಜೊತೆ ಕೂರಲಿಲ್ಲ.

ನಮ್ಮ ಮೋರೆ ನೋಡಿ ಒಬ್ಬರು ನಕ್ಕರು: "ಬರ್ರಿ ಗುರುಗಳ, ಇದು ರೊಕ್ಕದ ಆಟ ಅಲ್ರೀ, ಇಪ್ಪತ್ತೆಂಟು."

ಕುಳಿತು ನೋಡಿದೆವು. ಏಳರಿಂದ ಎಕ್ಕದವರೆಗಿನ 32 ಎಲೆಗಳು. ಎದುರುಬದುರು ಕುಳಿತವರು ಜೊತೆಗಾರರು. ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಅಷ್ಟರಿಂದಲೇ ಮುಂದಿನದನ್ನು ಊಹಿಸಿ ಅಂಕಗಳನ್ನು ಕೂಗಬೇಕು. ಹೆಚ್ಚು ಕೂಗಿದವನು ತುರುಪಿನ ಎಲೆಯನ್ನು ಮಗುಚಿ ಇಡುತ್ತಾನೆ. ಉಳಿದ ನಾಲ್ಕು ಎಲೆಗಳು ಕೈಗೆ ಬರುವುದು ಆಮೇಲೆ. ಒಂದೊಂದು ಸುತ್ತಿನಲ್ಲೂ ಮೇಲಿನ ಎಲೆ ಇಳಿಸಿದವನು ನಾಲ್ಕನ್ನೂ ಎತ್ತಿಕೊಳ್ಳುತ್ತಾನೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ 28. ರಾಜನ ಬೆಲೆ ಸೊನ್ನೆ!

ಗುಲಾಮನನ್ನು ರಾಜನ ಮೇಲೆ ಕೂರಿಸುವ ಆಟಗಳು ಯುರೋಪಿನಲ್ಲಿಯೂ ಇವೆ. ಸ್ವಿಟ್ಜರ್ಲೆಂಡಿನ ಯಾಸ್ ಆಟದಲ್ಲಿ ತುರುಪಿನ ಗುಲಾಮನೇ ಮೇಲು, ಒಂಬತ್ತು ಅದರ ಬೆನ್ನಿಗೆ. ಜರ್ಮನಿಯ ಆಲ್ಟೆನ್‌ಬುರ್ಗ್ ಊರಿನಲ್ಲಿ 1810ರ ದಶಕದಲ್ಲಿ ರೂಪುಗೊಂಡ ಸ್ಕಾಟ್ ಆಟಕ್ಕೂ 32 ಎಲೆಗಳೇ. ಆಡುವವರು ಮೂವರು, ಎರಡು ಎಲೆ ಬದಿಗಿರುತ್ತವೆ. ಅಲ್ಲಿಯೂ ಕೂಗುಂಟು, ಗುಲಾಮರಿಗೇ ಅಗ್ರಸ್ಥಾನ. ಆ ಊರವರು 1903ರಲ್ಲಿ ಸ್ಕಾಟ್ ಆಟದ ಹೆಸರಿನಲ್ಲಿ ಕಾರಂಜಿಯನ್ನೇ ಕಟ್ಟಿಸಿದರು. ಹೊಸ ಎಲೆಗಳನ್ನು ಅದರ ನೀರಿಗೆ ಸೋಕಿಸಿದರೆ ಶುಭವೆಂಬುದು ಆಡುವವರ ನಂಬಿಕೆ. ನಾವು ಕಳಾವರ್ ಎನ್ನುವ ಮಾತೂ ಹೊರಗಿನದೇ. ಡಚ್ಚರು ಆ ಬಣ್ಣಕ್ಕೆ ಕ್ಲಾವರ್ ಎನ್ನುತ್ತಾರೆ.

ಆಟ ಮುಗಿಯಿತು. ಸೋತವರು ಗೆದ್ದವರ ಮುಂದೆ ಹುಣಸೆಬೀಜವೊಂದನ್ನು ಸರಿಸಿದರು. ನಮ್ಮ ಎದೆ ಧಸಕ್ಕೆಂದಿತು. ಅಂದು ಅಣ್ಣನವರ ಚಾಪೆಯ ಮೇಲೆ ಇದ್ದದ್ದೂ ಹುಣಸೆಬೀಜಗಳೇ. ಕಾಸಿರಲಿಲ್ಲ. ನಾವು ಕಂಡಿದ್ದೆವು, ಆದರೆ ಕೇಳಿರಲಿಲ್ಲ.

ಹಣವಿಟ್ಟು ಆಡುವ ಎಲೆ ಎಷ್ಟೋ ಸಂಸಾರಗಳನ್ನು ನುಂಗಿದೆ; ಅದನ್ನು ದೂರವಿಡುವುದೇ ಲೇಸು. ಆದರೆ ನಾಲ್ವರನ್ನು ಒಂದೇ ಕಂಬಳಿಯ ಮೇಲೆ ಕೂರಿಸುವ ಆಟವನ್ನು ಜೂಜೆಂದು ಜರಿಯುವ ಮುನ್ನ ಒಂದು ಕ್ಷಣ ಬಳಿ ಕುಳಿತು ನೋಡಬೇಕು.

ಅಷ್ಟರಲ್ಲಿ ಜನಸಾಗರ ನಿಶ್ಶಬ್ದವಾಯಿತು. ಗೊರವಯ್ಯ ಬಿಲ್ಲನ್ನೇರಿ ನುಡಿದು ಜಿಗಿದ. ಇಳಿದು ಬರುವಾಗ ದಾರಿಯುದ್ದಕ್ಕೂ ಜನ ಆ ನುಡಿಗೆ ಬಗೆಬಗೆಯ ಅರ್ಥ ಹೇಳುತ್ತಿದ್ದರು. ಕಾರಣಿಕಕ್ಕೆ ನೂರು ಅರ್ಥ ಹುಡುಕುವ ನಾವು, ಒಡಹುಟ್ಟಿದವನ ಮೌನಕ್ಕೆ ಒಂದು ಅರ್ಥವನ್ನೂ ಹುಡುಕಿರಲಿಲ್ಲ.